ಲಾಕ್ ಹಾಕಿದ ಮೇಲೂ ಇಬ್ಬರಿಗೆ ಒಂದೇ ರಸೀದಿ ಸಂಖ್ಯೆ: ತಪ್ಪಿರುವುದೆಲ್ಲಿ?

ಪ್ರಶ್ನೆ (ಸಾಗರದಿಂದ)

ಇಲ್ಲಿಯ ಒಂದು ಅಡಿಕೆ ಮಂಡಿಗೆ ತೂಕ ಹಾಗೂ ರಸೀದಿಯ ತಂತ್ರಾಂಶವನ್ನು ನಾನು ಪೈಥಾನ್‌ನಲ್ಲಿ ಬರೆದುಕೊಟ್ಟಿದ್ದೇನೆ. ತೂಕದ ಯಂತ್ರಗಳು ಎರಡು, ಲಿನಕ್ಸ್ ಕಂಪ್ಯೂಟರ್ ಒಂದು. ಯಂತ್ರಕ್ಕೊಂದರಂತೆ ಎರಡು ಪ್ರೊಸೆಸ್‌ಗಳು (ಓಡುತ್ತಿರುವ ಪ್ರೋಗ್ರಾಮ್‌ಗಳು) ಅದರಲ್ಲಿ ನಡೆಯುತ್ತವೆ. ಮುಂದಿನ ರಸೀದಿ ಸಂಖ್ಯೆ ಒಂದು ಚಿಕ್ಕ ಫೈಲಿನಲ್ಲಿರುತ್ತದೆ. ಚೀಲಗಳ ತೂಕ ಮುಗಿದ ಕೂಡಲೇ ಆಯಾ ಪ್ರೊಸೆಸ್ ಆ ಫೈಲನ್ನು ತೆರೆದು, ಲಾಕ್‌ಎಫ್ ಎಂಬ ಫಂಕ್ಷನ್ ಮೂಲಕ ಎಕ್ಸ್‌ಕ್ಲೂಸಿವ್ ಲಾಕ್ (ಒಂದು ಸಲಕ್ಕೆ ಒಬ್ಬರಿಗಷ್ಟೇ ಸಿಗುವ ಬೀಗ) ಪಡೆದು, ಸಂಖ್ಯೆಯನ್ನು ಓದಿ, ಒಂದು ಕೂಡಿಸಿ ಬರೆದು, ಫೈಲನ್ನು ಮುಚ್ಚುತ್ತದೆ.

ಮಳೆಗಾಲದಲ್ಲಿ ಮಾಲು ಕಡಿಮೆ ಇದ್ದಾಗ ಯಾವ ತೊಂದರೆಯೂ ಕಾಣಲಿಲ್ಲ. ಕೊಯ್ಲು ಮುಗಿದು ರಾಶಿ, ಬೆಟ್ಟೆ, ಚಾಲಿ ಎಲ್ಲವೂ ಒಟ್ಟಿಗೆ ಬರತೊಡಗಿದ ಮೇಲೆ, ಎರಡು ವಾರಗಳಲ್ಲಿ ಮೂರು ಬಾರಿ ಇಬ್ಬರು ಬೆಳೆಗಾರರ ಕೈಗೆ ಒಂದೇ ಸಂಖ್ಯೆಯ ರಸೀದಿ ಹೋಗಿದೆ. ಮೊನ್ನೆ 4172ನೇ ಸಂಖ್ಯೆಯ ರಸೀದಿ ಹಿಡಿದು ಆನಂದಪುರದ ಕಡೆಯವರೊಬ್ಬರು, ತಾಳಗುಪ್ಪದ ಕಡೆಯವರೊಬ್ಬರು ಹಣಕ್ಕೆ ಬಂದು ನಿಂತಾಗ ಒಬ್ಬರ ಏಳು ಚೀಲ ಇನ್ನೊಬ್ಬರ ಲೆಕ್ಕಕ್ಕೆ ಸೇರಿದ್ದು ತಿಳಿಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಮಂಡಿಯ ಯಜಮಾನರು ನನ್ನೆದುರೇ ಹೇಳಿದರು. ನಾನು ತಲೆ ತಗ್ಗಿಸಬೇಕಾಯಿತು.

ಇನ್ನೊಂದು ವಿಷಯ. ಲಾಕ್ ಸಿಕ್ಕ ಮೇಲೆ, ಬರೆಯುವುದಕ್ಕೆ ಮುಂಚೆ, ಫೈಲಿನಲ್ಲಿರುವುದು ಅಂಕಿಯೇ ಹೌದೇ ಎಂದು ಪರೀಕ್ಷಿಸುವ ಪುಟ್ಟ ಫಂಕ್ಷನ್ ಒಂದನ್ನು ಕರೆಯುತ್ತೇನೆ. ಅದು ಫೈಲನ್ನು ಓದಲಿಕ್ಕಷ್ಟೇ ತೆರೆದು ಮುಚ್ಚುತ್ತದೆ. ಅದಕ್ಕೂ ಈ ತೊಂದರೆಗೂ ಸಂಬಂಧವಿರಲಾರದು ಎಂದುಕೊಂಡಿದ್ದೇನೆ.

ಉತ್ತರ (ತೀರ್ಥಹಳ್ಳಿಯಿಂದ)

ಸಂಬಂಧವಿರಲಾರದು ಎಂದು ನೀವು ಬದಿಗಿಟ್ಟ ಆ ಫಂಕ್ಷನ್ನೇ ನಿಮ್ಮ ಲಾಕನ್ನು ಬಿಡಿಸುತ್ತಿದೆ.

ಪೈಥಾನ್‌ನ ಲಾಕ್‌ಎಫ್ ಒಳಗೆ ಬಳಸುವುದು ಎಫ್‌ಸಿಎನ್‌ಟಿಎಲ್ ಎಂಬ ಸಿಸ್ಟಂ ಕರೆಯ ಪಾಸಿಕ್ಸ್ (ಯುನಿಕ್ಸ್ ಬಗೆಯ ವ್ಯವಸ್ಥೆಗಳ ಮಾನಕ) ಲಾಕನ್ನು. ಈ ಲಾಕಿನ ಒಡೆತನ ಇರುವುದು ಪ್ರೊಸೆಸ್‌ಗೆ. ಯಾವ ಡಿಸ್ಕ್ರಿಪ್ಟರ್ (ಫೈಲು ತೆರೆದಾಗ ಸಿಗುವ ಹಿಡಿಕೆ) ಮೂಲಕ ಅದನ್ನು ಪಡೆದಿರಿ ಎಂಬುದನ್ನು ಕರ್ನಲ್ (ಲಿನಕ್ಸ್‌ನ ತಿರುಳು) ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದ್ದರಿಂದಲೇ, ಅದೇ ಪ್ರೊಸೆಸ್ ಅದೇ ಫೈಲಿನ ಬೇರೆ ಯಾವುದೇ ಡಿಸ್ಕ್ರಿಪ್ಟರನ್ನು ಮುಚ್ಚಿದರೂ, ಅದು ಕೇವಲ ಓದಲು ತೆರೆದದ್ದಾಗಿದ್ದರೂ, ಆ ಫೈಲಿನ ಮೇಲೆ ಆ ಪ್ರೊಸೆಸ್‌ಗಿದ್ದ ಎಲ್ಲ ಲಾಕ್‌ಗಳೂ ಒಮ್ಮೆಲೇ ಬಿಟ್ಟುಹೋಗುತ್ತವೆ. ಮೊದಲ ಪ್ರೊಸೆಸ್ 4172 ಎಂದು ಓದಿಕೊಂಡಿದೆ, ಪರೀಕ್ಷೆ ಮುಗಿದು ಲಾಕ್ ಹೋಗಿದೆ, ಕಾಯುತ್ತಿದ್ದ ಎರಡನೆಯದು ಒಳಬಂದು ಅದೂ 4172 ಎಂದೇ ಓದುತ್ತದೆ, ಆಮೇಲೆ ಇಬ್ಬರೂ 4173 ಎಂದು ಬರೆಯುತ್ತಾರೆ. ಯಾವ ದೋಷದ ಸಂದೇಶವೂ ಬರುವುದಿಲ್ಲ.

ನಂಬಿಕೆ ಬಾರದಿದ್ದರೆ ಪರೀಕ್ಷಾ ಫಂಕ್ಷನ್ನಿಗೆ ಮೊದಲೊಮ್ಮೆ, ನಂತರವೊಮ್ಮೆ ಹತ್ತು ಸೆಕೆಂಡು ನಿಲ್ಲುವಂತೆ ಮಾಡಿ, ಇನ್ನೊಂದು ಟರ್ಮಿನಲ್‌ನಲ್ಲಿ, ಯಾರ ಬಳಿ ಯಾವ ಲಾಕ್ ಇದೆ ಎಂದು ತೋರಿಸುವ ಎಲ್‌ಎಸ್‌ಲಾಕ್ಸ್ ಆಜ್ಞೆಯನ್ನು ಎರಡು ಸಲ ಕೊಟ್ಟು ನೋಡಿ.

ಪರಿಹಾರಕ್ಕೆ ಎಫ್‌ಲಾಕ್ ಬಳಸಿ. 1983ರ 4.2 ಬಿಎಸ್‌ಡಿ (ಯುನಿಕ್ಸ್‌ನ ಒಂದು ಆವೃತ್ತಿ) ಜೊತೆ ಬಂದ ಈ ಲಾಕ್ ತೆರೆದ ಫೈಲಿಗೆ ಅಂಟಿಕೊಂಡಿರುತ್ತದೆ. ಬೇರೆಲ್ಲೋ ಇನ್ನೊಮ್ಮೆ ತೆರೆದು ಮುಚ್ಚಿದರೆ ಇದು ಕದಲುವುದಿಲ್ಲ. ಲಾಕ್‌ಎಫ್, ಎಫ್‌ಲಾಕ್ ಎಂದು ಹೆಸರುಗಳನ್ನು ಹೀಗೆ ತಿರುಗುಮುರುಗು ಇಟ್ಟವರ ಮೇಲೆ ನನಗೆ ಹಳೆಯ ಸಿಟ್ಟಿದೆ, ಅದಿರಲಿ. ಲಾಕ್ ಹಾಕುವುದಕ್ಕೆಂದೇ ಬೇರೆ ಖಾಲಿ ಫೈಲೊಂದನ್ನು ಇಟ್ಟುಕೊಂಡು, ಅದನ್ನು ಎಂದಿಗೂ ಅಳಿಸದಿರಿ. ಲಾಕ್ ಕೂರುವುದು ಐನೋಡಿನ (ಹೆಸರಿನ ಹಿಂದಿರುವ ನಿಜವಾದ ಫೈಲಿನ ದಾಖಲೆ) ಮೇಲೆ, ಫೈಲಿನ ಹೆಸರಿನ ಮೇಲಲ್ಲ. ನಾಳೆ ನೀವು ಹೊಸ ಫೈಲು ಬರೆದು ಹಳೆಯದರ ಹೆಸರಿಟ್ಟರೆ, ಹಳೆಯ ಐನೋಡಿಗೆ ಕಾಯುತ್ತಿದ್ದವನು ಯಾರೂ ಬಳಸದ ಫೈಲಿನ ಲಾಕ್ ಹಿಡಿದುಕೊಂಡು ತಾನೇ ಒಡೆಯನೆಂದು ತಿಳಿಯುತ್ತಾನೆ.

ಮಂಡಿಯ ಗುಮಾಸ್ತರು ಎಂದಾದರೂ ಎಡಿಟರಿನಲ್ಲಿ ಆ ಸಂಖ್ಯೆಯನ್ನು ಕೈಯಾರೆ ತಿದ್ದುವುದುಂಟೇ? ಈ ಎರಡೂ ಬಗೆಯ ಲಾಕ್‌ಗಳು ತೋಟದ ಬಾಯಿಗೆ ಹಾಕಿದ ಉಣುಗೋಲಿನಂತೆ: ಕಂಡು ನಿಲ್ಲುವವರಿಗಷ್ಟೇ ತಡೆ, ನೋಡದೆ ನುಗ್ಗುವವರನ್ನು ತಡೆಯುವ ಶಕ್ತಿ ಅವಕ್ಕಿಲ್ಲ. ಲಿನಕ್ಸ್‌ನಲ್ಲಿದ್ದ ಕಡ್ಡಾಯ ಲಾಕಿನ ಸೌಲಭ್ಯವನ್ನು 2021ರ 5.15ನೇ ಆವೃತ್ತಿಯಲ್ಲಿ ತೆಗೆದೇಹಾಕಿದ್ದಾರೆ.

ಉತ್ತರ (ಶಿವಮೊಗ್ಗದಿಂದ)

ಮೇಲಿನ ವಿವರಣೆ ಸರಿ, ಆದರೆ ಸಲಹೆಯನ್ನು ನಾನು ಒಪ್ಪುವುದಿಲ್ಲ. ಹಣದ ಲೆಕ್ಕಕ್ಕೆ ಸಂಬಂಧಿಸಿದ ಸಂಖ್ಯೆಯನ್ನು ಪಠ್ಯದ ಫೈಲಿನಲ್ಲಿಟ್ಟು ಲಾಕ್ ಕಾಯುವ ಬದಲು ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಬಳಸುವುದು ಕ್ಷೇಮ. ಪಾಸಿಕ್ಸ್ ಲಾಕಿನ ಇದೇ ದೋಷಕ್ಕೆ ಸಿಕ್ಕು, ಅದರಿಂದ ತಪ್ಪಿಸಿಕೊಳ್ಳುವ ಏರ್ಪಾಡನ್ನು ಎಸ್‌ಕ್ಯೂಲೈಟಿನ ಕರ್ತೃಗಳು ಒಳಗೇ ಮಾಡಿಟ್ಟಿದ್ದಾರೆ. ವ್ಯವಹಾರವನ್ನು ಬಿಗಿನ್ ಇಮ್ಮೀಡಿಯೆಟ್ (ಬರೆಯುವ ಹಕ್ಕನ್ನು ಮೊದಲೇ ಪಡೆಯುವ ಆಜ್ಞೆ) ಎಂದು ಆರಂಭಿಸಿ. ಬರಿಯ ಬಿಗಿನ್ ಎಂದರೆ ಇಬ್ಬರೂ ಮೊದಲು ಓದಿ, ಆಮೇಲೆ ಬರೆಯುವ ಹಕ್ಕಿಗೆ ಜಗಳವಾಡಿ, ಒಬ್ಬರಿಗೆ ಡೇಟಾಬೇಸ್ ಲಾಕ್ ಆಗಿದೆ ಎಂಬ ಉತ್ತರ ಬರುತ್ತದೆ. ಬ್ಯುಸಿ ಟೈಮ್‌ಔಟನ್ನು (ಲಾಕಿಗಾಗಿ ಕಾಯುವ ಅವಧಿ) ಐದು ಸೆಕೆಂಡಿಗೆ ಇಟ್ಟರೆ ಮಂಡಿಯ ಕೆಲಸಕ್ಕೆ ಧಾರಾಳವಾಯಿತು.

ಉತ್ತರ (ಹೊಸನಗರದಿಂದ)

ನಮ್ಮ ಕಡೆಯ ಕರೆಂಟಿನ ಬಗ್ಗೆ ಯಾರೂ ಮಾತನಾಡಲಿಲ್ಲವಾದ್ದರಿಂದ ಸೇರಿಸುತ್ತಿದ್ದೇನೆ. ಫೈಲು ಇದ್ದರೆ ಲಾಕ್ ಇದೆ, ಇಲ್ಲದಿದ್ದರೆ ಇಲ್ಲ ಎಂಬ ಹಳೆಯ ಪದ್ಧತಿಗೆ ಮಾತ್ರ ಹೋಗಬೇಡಿ. ಹಾಗೆ ಬರೆದ ಪ್ರೋಗ್ರಾಮ್ ಒಂದು ನನ್ನಲ್ಲಿತ್ತು. ಜುಲೈ ತಿಂಗಳಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗಿ, ಮಷೀನ್ ಮತ್ತೆ ಎದ್ದಾಗ ಲಾಕ್ ಫೈಲು ಹಾಗೆಯೇ ಉಳಿದಿತ್ತು. ಅದರೊಳಗೆ ಬರೆದಿದ್ದ ಪ್ರೊಸೆಸ್ ಸಂಖ್ಯೆ ಅಷ್ಟರಲ್ಲಿ ಬೇರೊಂದು ಪ್ರೋಗ್ರಾಮಿಗೆ ಹೋಗಿದ್ದರಿಂದ, ಲಾಕ್ ಇನ್ನೂ ಜೀವಂತವಿದೆ ಎಂದು ನಂಬಿ ನನ್ನ ಪ್ರೋಗ್ರಾಮ್ ಬೆಳಗಿನ ತನಕ ಕಾಯುತ್ತಾ ಕುಳಿತಿತ್ತು. ಕರ್ನಲ್ ಹಿಡಿಯುವ ಲಾಕ್‌ಗಳಲ್ಲಿ ಈ ಬಾಧೆ ಇಲ್ಲ, ಪ್ರೊಸೆಸ್ ಸತ್ತರೆ ಅವೂ ಹೋಗುತ್ತವೆ.

ಆದರೆ ಲಾಕ್ ಎಂದರೆ ಬರೆದದ್ದು ಡಿಸ್ಕಿಗೆ ಮುಟ್ಟಿತು ಎಂದಲ್ಲ. ಲಾಕ್ ಬಿಡುವ ಮೊದಲು ಫ್ಲಶ್ (ಬಫರಿನಲ್ಲಿದ್ದದ್ದನ್ನು ಕರ್ನಲ್‌ಗೆ ಒಪ್ಪಿಸುವುದು), ಅದರ ಹಿಂದೆಯೇ ಎಫ್‌ಸಿಂಕ್ (ಅದನ್ನು ಡಿಸ್ಕಿಗೆ ಮುಟ್ಟಿಸುವುದು), ಎರಡೂ ಆಗಬೇಕು. ಮೊದಲನೆಯದನ್ನು ಬಿಟ್ಟರೆ ಹೊಸ ಸಂಖ್ಯೆ ಪೈಥಾನ್‌ನ ಬಫರಿನಲ್ಲೇ ಉಳಿದು, ಪಕ್ಕದ ಪ್ರೊಸೆಸ್ ಹಳೆಯದನ್ನೇ ಓದಬಹುದು. ಎರಡನೆಯದನ್ನು ಬಿಟ್ಟರೆ ಕರೆಂಟು ಹೋಗಿ ಬಂದ ಮೇಲೆ ಸಂಖ್ಯೆ ಹಿಂದಕ್ಕೆ ಹೋಗಿ, ಮತ್ತದೇ ಜೋಡಿ ರಸೀದಿ.

ಪ್ರಶ್ನೆ ಕೇಳಿದವರಿಂದ (ಸಾಗರದಿಂದ)

ಎಲ್ಲರಿಗೂ ಕೃತಜ್ಞತೆಗಳು. ತೀರ್ಥಹಳ್ಳಿಯವರು ಹೇಳಿದಂತೆ ನೋಡಿದೆ: ಮೊದಲ ಸಲ ಎಲ್‌ಎಸ್‌ಲಾಕ್ಸ್‌ನಲ್ಲಿ ಪಾಸಿಕ್ಸ್ ಎಂಬ ಸಾಲು ನನ್ನ ಪ್ರೊಸೆಸ್ ಸಂಖ್ಯೆಯೊಂದಿಗೆ ಇತ್ತು, ಪರೀಕ್ಷಾ ಫಂಕ್ಷನ್ ಮುಗಿದ ಮೇಲೆ ಆ ಸಾಲೇ ಇರಲಿಲ್ಲ. ಬೇರೆ ಫೈಲಿಗೆ ಎಫ್‌ಲಾಕ್ ಹಾಕಿ, ಎರಡೂ ಪ್ರೊಸೆಸ್‌ಗಳಿಂದ ತಲಾ 10,000 ಬಾರಿ ಸಂಖ್ಯೆ ಏರಿಸಿದಾಗ ಮೊತ್ತ ಸರಿಯಾಗಿ 20,000 ಬಂತು. ಎಸ್‌ಕ್ಯೂಲೈಟಿಗೆ ಹೋಗುವುದನ್ನು ಮುಂದಿನ ಕೊಯ್ಲಿನೊಳಗೆ ಮಾಡುತ್ತೇನೆ. ಈಗ ಮಂಡಿ ನಡೆಯುತ್ತಿರುವಾಗ ಅಷ್ಟು ಬದಲಾಯಿಸಲು ಧೈರ್ಯ ಸಾಲದು.

ಈಗ ಹೊಸದೊಂದು ತೊಡಕು. ಒಂದು ಕಡೆ ರಸೀದಿ ಮುದ್ರಣವಾಗಿ ಮುಗಿಯುವವರೆಗೂ ಇನ್ನೊಂದು ಕಡೆಯ ತೂಕ ಸ್ತಬ್ಧವಾಗಿ ನಿಲ್ಲುತ್ತದೆ. ಮುದ್ರಣಕ್ಕೆ ನಾನು ಫೋರ್ಕ್ ಮಾಡಿ ಮರಿ ಪ್ರೊಸೆಸ್ ಹುಟ್ಟಿಸುತ್ತೇನೆ, ತಾಯಿ ಪ್ರೊಸೆಸ್ ಲಾಕ್ ಫೈಲನ್ನು ಆ ಕೂಡಲೇ ಮುಚ್ಚುತ್ತದೆ.

ಉತ್ತರ (ತೀರ್ಥಹಳ್ಳಿಯಿಂದ)

ಎಫ್‌ಲಾಕ್ ತೆರೆದ ಫೈಲಿಗೆ ಅಂಟಿರುತ್ತದೆ ಎಂದೆನಲ್ಲ, ಫೋರ್ಕ್ ಮಾಡಿದಾಗ ಮರಿಯ ಕೈಗೂ ಅದೇ ತೆರೆದ ಫೈಲು ಹೋಗುತ್ತದೆ. ತಾಯಿ ಮುಚ್ಚಿದರೂ ಮರಿ ಹಿಡಿದಿರುವ ತನಕ ಲಾಕ್ ಬಿಡುವುದಿಲ್ಲ. ಪಾಸಿಕ್ಸ್ ಲಾಕ್ ಮರಿಗೆ ಬರುವುದೇ ಇಲ್ಲವಾದ್ದರಿಂದ ಮೊದಲು ಇದು ನಿಮ್ಮ ಗಮನಕ್ಕೆ ಬಂದಿಲ್ಲ. ಎಫ್‌ಸಿಂಕ್ ಆದ ಮೇಲೆ ಮುಚ್ಚುವುದನ್ನೇ ನಂಬದೆ ಅನ್‌ಲಾಕ್ ಎಂದು ಸ್ಪಷ್ಟವಾಗಿ ಕರೆಯಿರಿ, ಮುದ್ರಣದ ಫೋರ್ಕನ್ನು ಆ ಸಾಲಿನ ಕೆಳಗೆ ಇಳಿಸಿ.