ಪದಚರ್ಚೆ: ಕರೆ ದಾಟಿಸುವ ‘ಪ್ರಾಕ್ಸಿ’ಯನ್ನು ‘ಬದಲಿ’ ಎನ್ನಬಹುದೇ?

ಬಲ್ಲವರಿಗೆ ನಮಸ್ಕಾರ.

ಇಂಟರ್‌ನೆಟ್ ಫೋನ್ ವ್ಯವಸ್ಥೆಯ ಬಗ್ಗೆ ಡಿಪ್ಲೊಮಾ ವಿದ್ಯಾರ್ಥಿಗಳಿಗೆಂದು ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ‘ಪ್ರಾಕ್ಸಿ ಸರ್ವರ್’ ಎಂಬ ಮಾತು ಅದರಲ್ಲಿ ಪುಟಪುಟಕ್ಕೂ ಬರುತ್ತದೆ. ಕರಡು ಓದಿದವರಲ್ಲಿ ಕೆಲವರು ‘ಬದಲಿ ಸರ್ವರ್’ ಎಂದೂ ಇನ್ನು ಕೆಲವರು ‘ಪ್ರತಿನಿಧಿ ಸರ್ವರ್’ ಎಂದೂ ತಿದ್ದಿದ್ದಾರೆ. ಎರಡನ್ನೂ ಒಪ್ಪಲು ನನಗೆ ಕಷ್ಟವಾಗುತ್ತಿದೆ.

ಆ ಸರ್ವರ್ ಮಾಡುವ ಕೆಲಸವನ್ನು ಮೊದಲು ಹೇಳಿಬಿಡುತ್ತೇನೆ. ಕರೆ ಮಾಡುವವರು ಒಂದು ಕಂಪನಿಯ ಚಂದಾದಾರರು, ಕರೆ ಮುಟ್ಟಬೇಕಾದವರು ಇನ್ನೊಂದು ಕಂಪನಿಯವರು ಎಂದುಕೊಳ್ಳಿ. ಇಂಟರ್‌ನೆಟ್ ಕರೆಗಳನ್ನು ಜೋಡಿಸುವ ನಿಯಮಗಳಾದ ಸಿಪ್ ಪದ್ಧತಿಯಲ್ಲಿ ಫೋನ್ ವಿಳಾಸ ಇಮೇಲ್ ವಿಳಾಸದ ಹಾಗೇ ಇರುತ್ತದೆ: ಮೊದಲು ಹೆಸರು ಇಲ್ಲವೇ ನಂಬರು, ಕೊನೆಗೆ ಕಂಪನಿಯ ಡೊಮೈನ್. ಕರೆಯುವವರ ಫೋನು ‘ಇನ್ವೈಟ್’ ಎಂಬ ಕರೆ ಕೋರುವ ಸಂದೇಶವನ್ನು ತನ್ನ ಕಂಪನಿಯ ಪ್ರಾಕ್ಸಿಗೆ, ಸಾಮಾನ್ಯವಾಗಿ 5060ನೇ ಪೋರ್ಟಿಗೆ, ಕಳಿಸುತ್ತದೆ. ಆ ಪ್ರಾಕ್ಸಿ ಡೊಮೈನ್ ನೋಡಿ, ಆ ಕಡೆಯ ಪ್ರಾಕ್ಸಿ ಎಲ್ಲಿದೆಯೆಂದು ಇಂಟರ್‌ನೆಟ್ಟಿನ ವಿಳಾಸ ಪಟ್ಟಿಯಾದ ಡಿಎನ್ಎಸ್‌ನಲ್ಲಿ ವಿಚಾರಿಸಿ, ಸಂದೇಶವನ್ನು ಅತ್ತ ಬಿಡುತ್ತದೆ. ಎರಡನೇ ಪ್ರಾಕ್ಸಿ ತನ್ನ ನೋಂದಣಿ ನೋಡಿ, ಚಂದಾದಾರರು ಈಗ ಯಾವ ಫೋನಿನಲ್ಲಿದ್ದಾರೋ ಅಲ್ಲಿಗೆ ಮುಟ್ಟಿಸುತ್ತದೆ. ದಾಟುವಾಗ ಒಂದೊಂದು ಪ್ರಾಕ್ಸಿಯೂ ‘ವಯಾ’ ಎಂಬ ಸಾಲಿನಲ್ಲಿ ತನ್ನ ವಿಳಾಸ ಬರೆದುಕೊಳ್ಳುತ್ತದೆ. ಉತ್ತರವು ಆ ಸಾಲುಗಳನ್ನು ಒಂದೊಂದಾಗಿ ಕಳಚುತ್ತಾ ಬಂದ ದಾರಿಯಲ್ಲೇ ಮರಳುತ್ತದೆ. ಸಂದೇಶ ಗಿರಕಿ ಹೊಡೆಯುತ್ತಲೇ ಇರಬಾರದೆಂದು 70ರಿಂದ ಇಳಿಯುತ್ತಾ ಹೋಗುವ ಒಂದು ಎಣಿಕೆಯೂ ಉಂಟು. ಅದು ಮುಗಿದರೆ 483 ಎಂಬ ಸಂಕೇತದ ತಿರಸ್ಕಾರ ಬರುತ್ತದೆ.

ಇಷ್ಟೆಲ್ಲ ನಡೆದರೂ ಕರೆದವರು ಯಾರು, ಕರೆದದ್ದು ಯಾರನ್ನು ಎಂಬ ಗುರುತನ್ನು ಪ್ರಾಕ್ಸಿ ಹಾಗೇ ಉಳಿಸುತ್ತದೆ. ಇಬ್ಬರಾಡುವ ಮಾತು ಅದರ ಮೂಲಕ ಹಾಯಬೇಕೆಂದೂ ಇಲ್ಲ. ದನಿ ಫೋನಿನಿಂದ ಫೋನಿಗೆ ನೇರವಾಗಿಯೇ ಹರಿಯಬಹುದು.

ಹೀಗಿರುವಾಗ ‘ಬದಲಿ’ ಹೇಗೆ ಹೊಂದುತ್ತದೆ? ಬದಲಿ ಮೇಷ್ಟ್ರು ಬಂದರೆಂದರೆ ಕ್ಲಾಸಿನ ಮೇಷ್ಟ್ರು ಅಂದು ಬಂದಿಲ್ಲ ಎಂದರ್ಥ. ಕಾಲೇಜು ಹುಡುಗರು ಹಾಜರಿಗೆ ‘ಪ್ರಾಕ್ಸಿ ಕೊಡೋದು’ ಅನ್ನುವುದೂ ಇದೇ ಅರ್ಥದಲ್ಲಿ. ಫೋನ್ ಲೋಕದಲ್ಲಿ ಈ ಅರ್ಥಕ್ಕೆ ತಕ್ಕ ಯಂತ್ರ ಬೇರೆಯೇ ಇದೆ, ಅದರ ಹೆಸರು ಬ್ಯಾಕ್ ಟು ಬ್ಯಾಕ್ ಯೂಸರ್ ಏಜೆಂಟ್. ಅದು ಬಂದ ಕರೆಯನ್ನು ತಾನೇ ಎತ್ತಿಕೊಂಡು, ಆಚೆಗೆ ತನ್ನದೇ ಇನ್ನೊಂದು ಕರೆ ಹಚ್ಚಿ, ಎರಡನ್ನೂ ಬೆಸೆಯುತ್ತದೆ. ಫೋನ್ ಸರ್ವರ್ ತಂತ್ರಾಂಶಗಳಲ್ಲಿ ಆಸ್ಟೆರಿಸ್ಕ್ ಈ ಜಾತಿಯದು, ಕಮೇಲಿಯೊ ಪ್ರಾಕ್ಸಿ ಜಾತಿಯದು. ಕಂಪನಿಗಳ ಗಡಿಯಲ್ಲಿ ಕೂರಿಸುವ ಸೆಷನ್ ಬಾರ್ಡರ್ ಕಂಟ್ರೋಲರ್‌ಗಳೂ ಬಹುಮಟ್ಟಿಗೆ ಆಸ್ಟೆರಿಸ್ಕ್‌ನ ಗುಂಪಿಗೇ ಸೇರುತ್ತವೆ. ‘ಬದಲಿ’ಯನ್ನು ಪ್ರಾಕ್ಸಿಗೆ ಕೊಟ್ಟುಬಿಟ್ಟರೆ ಇವುಗಳನ್ನು ಏನೆಂದು ಕರೆಯೋಣ? ಇದು ಬರಿಯ ಹೆಸರಿನ ತಕರಾರಲ್ಲ. ಪ್ರಾಕ್ಸಿ ದಾಟಿದ ಮೇಲೂ ಕರೆಯ ಕಾಲ್ ಐಡಿ, ಅಂದರೆ ಆ ಕರೆಗೆ ಅಂಟಿದ ಗುರುತು, ಅದೇ ಇರುತ್ತದೆ. ಬ್ಯಾಕ್ ಟು ಬ್ಯಾಕ್ ಯಂತ್ರದ ಎರಡು ಬದಿಗೆ ಸಾಮಾನ್ಯವಾಗಿ ಎರಡು ಐಡಿ ಇರುತ್ತವೆ. ಎರಡು ಯಂತ್ರವೂ ಒಂದೇ ಎಂದು ಕಲಿತ ಹುಡುಗ ಕರೆಗಳ ದಾಖಲೆಯ (ಲಾಗ್) ಮುಂದೆ ಕೂತು ಒಂದೇ ಐಡಿ ಹುಡುಕುತ್ತಾ ಕರೆ ಕಳೆದೇಹೋಯಿತು ಎಂದು ತಿಳಿಯುತ್ತಾನೆ.

‘ಪ್ರತಿನಿಧಿ’ಯ ಪರ ಒಂದು ಮಾತಿದೆ. 2002ರ ಜೂನಿನಲ್ಲಿ ಬಂದ, ಸಿಪ್ ನಿಯಮಗಳನ್ನು ವಿವರಿಸುವ ದಾಖಲೆ ಆರ್‌ಎಫ್‌ಸಿ 3261, ಪ್ರಾಕ್ಸಿಯು ಬೇರೆಯವರ ಪರವಾಗಿ ಕೋರಿಕೆ ಸಲ್ಲಿಸುತ್ತದೆ ಎಂದೇ ಹೇಳುತ್ತದೆ. ಆದರೆ ಅದರ ಮುಖ್ಯ ಪಾತ್ರ ದಾರಿ ಹಿಡಿಸುವುದು ಎಂದೂ ಅಲ್ಲೇ ಇದೆ. ಪ್ರತಿನಿಧಿ ನಮ್ಮ ಹೆಸರಿನಲ್ಲಿ ತೀರ್ಮಾನ ಮಾಡಬಲ್ಲ, ಮುಖತ್ಯಾರ ನಮ್ಮ ಪರವಾಗಿ ಸಹಿ ಹಾಕಬಲ್ಲ. ಪ್ರಾಕ್ಸಿ 407 ಎಂಬ ಸಂಕೇತ ಕಳಿಸಿ ಗುರುತಿನ ಪುರಾವೆ ಕೇಳೀತು, ಕರೆಯನ್ನು ತಡೆದೀತು. ಕರೆದವರ ಬಾಯಾಗಿ ಮಾತಾಡುವುದಿಲ್ಲ.

ನಾನು ಯೋಚಿಸಿರುವುದು ಹೀಗೆ: ನಾಮಪದ ‘ಪ್ರಾಕ್ಸಿ’ ಎಂದೇ ಇರಲಿ, ಕ್ರಿಯಾಪದ ಮಾತ್ರ ‘ಹಾಯಿಸು’ ಆಗಲಿ. ಗದ್ದೆಗೆ ನೀರು ಹಾಯಿಸುವವರು ಯಾವ ಮಡಿಗೆ ಹೋಗಬೇಕೋ ಆ ಕಡೆಯ ಬಾಯಿ ಬಿಡಿಸುತ್ತಾರೆ, ನೀರು ಅದೇ ನೀರು. ‘ಕರೆಯನ್ನು ಇನ್ನೊಂದು ಕಂಪನಿಗೆ ಹಾಯಿಸುತ್ತದೆ’ ಎಂದರೆ ಪ್ರಾಕ್ಸಿಯ ಕೆಲಸ ಕಣ್ಣಿಗೆ ಕಟ್ಟುತ್ತದೆ. 302 ಎಂಬ ಸಂಕೇತದೊಡನೆ ಹೊಸ ವಿಳಾಸ ತಿಳಿಸಿ ಸುಮ್ಮನಾಗುವ ರಿಡೈರೆಕ್ಟ್ ಸರ್ವರ್‌ಗೆ ‘ದಾರಿ ಹೇಳು’ ಎಂಬ ಬೇರೆ ಕ್ರಿಯಾಪದ ಸಿಗುತ್ತದೆ. ‘ಹಾಯಿಸುಗ’ ಎಂಬ ಹೊಸ ನಾಮಪದ ಕಟ್ಟುವುದು ಮಾತ್ರ ಬೇಡವೆನಿಸುತ್ತದೆ, ಅದು ರೂಟರ್‌ಗೇ ಹೆಚ್ಚು ಸಲ್ಲುತ್ತದೆ.

ಇದು ತಜ್ಞರಿಗಷ್ಟೇ ಬೇಕಾದ ಪದವೂ ಅಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದಂದಿನಿಂದ ಹಳ್ಳಿಹಳ್ಳಿಗೂ ಹರಡಿದ ವೋಲ್ಟಿ (4ಜಿ ಜಾಲದ ಮೇಲಿನ) ಕರೆಯೂ ಸಿಪ್ ಮೇಲೆಯೇ ನಿಂತಿದೆ. ಫೋನು ಅಲ್ಲಿ ಮೊದಲು ಮಾತಾಡುವುದು ಪಿ-ಸಿಎಸ್‌ಸಿಎಫ್ ಎಂಬ ಘಟಕದ ಜೊತೆ. ಆ ‘ಪಿ’ ಎಂದರೆ ಪ್ರಾಕ್ಸಿಯೇ.

ನನ್ನ ಪ್ರಶ್ನೆಗಳು ಇವು. ‘ಹಾಯು’ಗೆ ಎತ್ತು ಕೊಂಬಿನಿಂದ ತಿವಿಯುವುದು ಎಂಬ ಅರ್ಥವೂ ಬಳಕೆಯಲ್ಲಿದೆ; ‘ಕರೆ ಹಾಯಿಸು’ ಓದುವಾಗ ಅದು ಅಡ್ಡ ಬರುತ್ತದೆಯೇ? ಕರಾವಳಿ, ಮಲೆನಾಡಿನವರು ನೀರಿಗೆ ಬೇರೆ ಕ್ರಿಯಾಪದ ಬಳಸುವುದಾದರೆ ಅದನ್ನು ವಾಕ್ಯದಲ್ಲಿಟ್ಟು ತಿಳಿಸಿ. ಎರಡು ಕರೆ ಬೆಸೆಯುವ ಆ ಇನ್ನೊಂದು ಯಂತ್ರಕ್ಕೆ ‘ಬದಲಿ’ಗಿಂತ ‘ಬೆಸುಗೆ ಸರ್ವರ್’ ಮೇಲೋ, ಅದನ್ನೂ ಹೇಳಿ.