ಯಾದವಗಿರಿ ಮನೆ ಗುಂಪಿನಲ್ಲಿ ತಾತನ ಜಾವಾ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನ ಹೆಸರು 'ಯಾದವಗಿರಿ ಮನೆ'. ಮೈಸೂರಿನ ಯಾದವಗಿರಿಯ ಆ ಮನೆಯಲ್ಲಿ ಇರುವುದು ಅಪ್ಪ, ತಾತನ ಹಳೇ ಜಾವಾ ಬೈಕ್ ನಿಂತಿರುವುದೂ ಅಲ್ಲಿನ ಶೆಡ್ಡಿನಲ್ಲೇ. ಅಡ್ಮಿನ್ ನಾನೇ. ಅಂದರೆ ಯಾರು ಯಾರನ್ನು ಬೈದರೂ ಕೊನೆಗೆ ಫೋನ್ ಬರುವುದು ನನಗೆ. ಶನಿವಾರ ನಡೆದದ್ದನ್ನು, ನಡುವೆ ಬಂದ ಗುಡ್ ಮಾರ್ನಿಂಗ್ ಹೂವುಗಳನ್ನೂ ಒಂದು ಗೃಹಪ್ರವೇಶದ ಕರೆಯೋಲೆಯನ್ನೂ ತೆಗೆದು, ಇಲ್ಲಿ ಹಾಕಿದ್ದೇನೆ. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೆ.

ಚಿಕ್ಕಪ್ಪ (ಹಲವು ಬಾರಿ ಫಾರ್ವರ್ಡ್ ಆಗಿದ್ದು, ಜತೆಗೆ ಒಂದು ಬೈಕಿನ ಫೋಟೋ): ಜಾವಾ, ಯೆಜ್ಡಿ ಇದ್ದವರಿಗೆ ಬಂಪರ್ ಸುದ್ದಿ!!! ಕೇಂದ್ರ ಸರ್ಕಾರದ ಹೊಸ ಕಾನೂನು. ಬಣ್ಣ ಹೊಡೆಸದ ಹಳೇ ಬೈಕ್ ಇದ್ದರೆ ಸರ್ಕಾರದಿಂದಲೇ 10 ಲಕ್ಷ. ಬಣ್ಣ ಹೊಡೆಸಿದ್ದರೆ ಗುಜರಿಗೆ. ಈ ತಿಂಗಳೇ ಕೊನೆ. ಹತ್ತು ಜನಕ್ಕೆ ಕಳಿಸಿ.

ಚಿಕ್ಕಪ್ಪ: ನೋಡ್ರಪ್ಪ. ಅಣ್ಣನ ಶೆಡ್ಡಲ್ಲಿ 10 ಲಕ್ಷ ಧೂಳು ತಿಂತಾ ಇದೆ. ನಾನು ಆವತ್ತೇ ಹೇಳಿದ್ದೆ ಮಾರಬೇಡಿ ಅಂತ.

ಶಾರದತ್ತೆ: ಆವತ್ತು ಗುಜರಿಯವನನ್ನ ಮನೆಗೆ ಕರ್ಕೊಂಡು ಬಂದಿದ್ದು ಯಾರು?

ಚಿಕ್ಕಪ್ಪ: ಸುಮ್ನೆ ಬೆಲೆ ಕೇಳಕ್ಕೆ ಕರೆದಿದ್ದು ಶಾರದಕ್ಕ.

ಶಾರದತ್ತೆ: ತಕ್ಕಡಿ ತಂದಿದ್ದ.

ರವಿಯಣ್ಣ: ಚಿಕ್ಕಪ್ಪ, ಫೋಟೋ ನೋಡಿದ್ರಾ? ಮುಂದೆ ಡಿಸ್ಕ್ ಬ್ರೇಕ್ ಇದೆ, ಎಂಜಿನ್ ಮುಂದೆ ರೇಡಿಯೇಟರ್ ಇದೆ. ಇದು 2018ರಲ್ಲಿ ಹೊಸದಾಗಿ ಬಿಟ್ಟ ಜಾವಾ. ಮಾಡೋದು ಮಧ್ಯಪ್ರದೇಶದ ಪೀತಾಂಪುರದಲ್ಲಿ. ತಾತನ ಗಾಡಿಗೂ ಇದಕ್ಕೂ ಹೆಸರೊಂದು ಬಿಟ್ರೆ ಸಂಬಂಧ ಇಲ್ಲ. ಮೂಲ ಎಲ್ಲಿದೆ? ಆದೇಶದ ನಂಬರ್?

ಚಿಕ್ಕಪ್ಪ: ನಮ್ಮ ವಾಕಿಂಗ್ ಗುಂಪಲ್ಲಿ ಬಂತು. ಅದರಲ್ಲಿ ರಿಟೈರ್ಡ್ ಎಂಜಿನಿಯರ್ ಇದಾರೆ.

ರವಿಯಣ್ಣ: ಯಾವ ಎಂಜಿನಿಯರ್?

ಚಿಕ್ಕಪ್ಪ: ನೀರಾವರಿ.

ರವಿಯಣ್ಣ ಇನ್ಶೂರೆನ್ಸ್ ಸರ್ವೇಯರ್. ಮದುವೆಮನೆಯಲ್ಲಿ ಪಾಯಸ ಬಡಿಸಿದರೂ ಬಿಲ್ ಕೇಳುವ ಮನುಷ್ಯ. ಅವನು ಮೂಲ ಕೇಳಿದ ಕೂಡಲೇ ಅವನಪ್ಪನಿಗೆ ಅದು ತಮ್ಮನಿಗೆ ಆದ ಅವಮಾನದ ಹಾಗೆ ಕಾಣುತ್ತದೆ. ನಲವತ್ತು ನಿಮಿಷದಲ್ಲಿ ದೊಡ್ಡಪ್ಪನ ಸಂದೇಶ ಬಂತು. ಹೆಡ್‌ಮಾಸ್ಟರ್ ಆಗಿ ನಿವೃತ್ತಿಯಾದವರು, ಅಲ್ಪವಿರಾಮ ಒಂದೂ ತಪ್ಪುವುದಿಲ್ಲ.

ದೊಡ್ಡಪ್ಪ: ಎಲ್ಲರಿಗೂ ನಮಸ್ಕಾರ. ಹಿರಿಯರು ಬಿಟ್ಟುಹೋದ ವಸ್ತುವಿಗೆ ಬೆಲೆ ಕಟ್ಟುವುದು ಶೋಭೆಯಲ್ಲ. ನಮ್ಮ ತಂದೆಯವರು ಆ ವಾಹನವನ್ನು ಸಾಲ ಮಾಡದೆ, ಸಂಬಳದಲ್ಲಿ ಉಳಿಸಿ ಕೊಂಡರು. ಇಂದಿನವರು ಕಂತಿನಲ್ಲಿ ಕೊಂಡು ಮೂರು ವರ್ಷಕ್ಕೆ ಬದಲಿಸುತ್ತಾರೆ. ರವಿ, ದೊಡ್ಡವರ ಜತೆ ಮಾತಾಡುವಾಗ 'ಮೂಲ ಎಲ್ಲಿ' ಎನ್ನುವ ಧಾಟಿ ಬೇಡ.

ರವಿಯಣ್ಣ: ಅಪ್ಪಾ, ನಾನು ಕೇಳಿದ್ದು ಸುದ್ದಿಯ ಮೂಲ. ನಮ್ಮ ಗೋತ್ರದ ಮೂಲ ಅಲ್ಲ.

ಇಷ್ಟರಲ್ಲಿ ಮಸ್ಕತ್‌ನಿಂದ ಮಧು, ಅಂದರೆ ಶಾರದತ್ತೆಯ ಮಗ, ಒಂದು ವಾಯ್ಸ್ ಮೆಸೇಜ್ ಹಾಕಿದ. ಉದ್ದವಾದದ್ದು. ಫಾರ್ವರ್ಡ್ ಅವನು ಓದಿಯೇ ಇರಲಿಲ್ಲ, 'ಜಾವಾ' ಎಂಬ ಒಂದು ಪದ ಕಂಡಿದ್ದಷ್ಟೇ. ತಾತ ಮೈಸೂರಿನ ಜಾವಾ ಕಾರ್ಖಾನೆಗೆ ಸೇರಿದ್ದು, 1961ರಲ್ಲಿ ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದ್ದು, ಪಾಳಿ ಬಿಟ್ಟಾಗ ಯಾದವಗಿರಿಯ ರಸ್ತೆ ತುಂಬ ಗಾಡಿಗಳ ನೀಲಿ ಹೊಗೆ ಏಳುತ್ತಿದ್ದದ್ದು, ಎಲ್ಲ ಹೇಳಿದ. ಅವನು ಹುಟ್ಟಿದ್ದು 1982ರಲ್ಲಿ. ನಂತರ ಚಾಮುಂಡಿ ಬೆಟ್ಟಕ್ಕೆ ತಾತ ಅವನನ್ನು ಟ್ಯಾಂಕ್ ಮೇಲೆ, ನನ್ನನ್ನು ಹಿಂದೆ, ಕಾರ್ತಿಕನನ್ನು ನಡುವೆ ಕೂರಿಸಿಕೊಂಡು ಹೋದ ಕತೆ. ಕಾರ್ತಿಕ ಆಗ ಹುಟ್ಟಿರಲಿಲ್ಲ. ಇರಲಿ.

ಮಧು: ಕಿಕ್ಕರ್ ಒದ್ದು ಮುಂದಕ್ಕೆ ಮಡಚಿದ್ರೆ ಅದೇ ಗೇರ್ ಆಗೋದು! ಈ ಜಗತ್ತಲ್ಲಿ ಇನ್ಯಾವ ಗಾಡೀಲಿ ಇದೆ ಹೇಳಿ! ಕ್ಲಚ್ ಹಿಡಿಯದೇ ಗೇರ್ ಹಾಕ್ತಿದ್ರು ತಾತ.

ಕಾರ್ತಿಕ: ಗೇರ್ ಲಿವರ್ ಒತ್ತಿದ್ರೆ ಕ್ಲಚ್ ತಾನೇ ಬಿಡತ್ತೆ, ಅದಕ್ಕೆ ಮಧು ಅಣ್ಣ.

ಮಧು: ಬಂಕಲ್ಲಿ ಪೆಟ್ರೋಲ್‌ಗೆ ಆಯಿಲ್ ಬೆರೆಸಿ ಹಾಕ್ತಿದ್ದಿದ್ದು ನೆನಪಿದೆಯಾ? ಲೀಟರಿಗೆ ಮೂವತ್ತು ಎಂಎಲ್.

ಚಿಕ್ಕಪ್ಪ: ನಲವತ್ತು.

ಮಧು: ಚಿಕ್ಕಮಾವ, ತಾತ ಮೂವತ್ತು ಹಾಕಿಸ್ತಿದ್ರು.

ಚಿಕ್ಕಪ್ಪ: ಅದಕ್ಕೇ 1979ರಲ್ಲಿ ಪಿಸ್ಟನ್ ಹಿಡಿದು ಎಂಜಿನ್ ಜಾಮ್ ಆಗಿದ್ದು.

ಮೂವತ್ತೋ ನಲವತ್ತೋ ಎಂಬುದರ ಮೇಲೆ ಹನ್ನೊಂದೂವರೆಯವರೆಗೆ ನಡೆಯಿತು. ಅದನ್ನು ನಾನು ಬಿಟ್ಟಿದ್ದೇನೆ. ಸುದ್ದಿಯ ವಿಷಯಕ್ಕೆ ಬಂದವನು ಕಾರ್ತಿಕನೊಬ್ಬನೇ. ಚಿಕ್ಕಪ್ಪನ ಮಗ, ಸಂಬಳದ ಅರ್ಧ ಹಳೇ ಗಾಡಿಗಳ ಬಾಯಿಗೆ ಹಾಕುತ್ತಾನೆ. ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಅಂತ ಮನೆಯ ಯಾವ ಕಾರ್ಯಕ್ಕೂ ಬರುವುದಿಲ್ಲ.

ಕಾರ್ತಿಕ: ಸರ್ಕಾರ ಯಾರಿಗೂ 10 ಲಕ್ಷ ಕೊಡಲ್ಲ. ಇದು 2021ರ ಜುಲೈನಲ್ಲಿ ಬಂದ ವಿಂಟೇಜ್ ವಾಹನ ನಿಯಮ, ಯಾರೋ ಅದಕ್ಕೆ ಕೈಕಾಲು ಅಂಟಿಸಿದಾರೆ. ಮೊದಲ ಸಲ ರಿಜಿಸ್ಟರ್ ಆಗಿ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು, ದೊಡ್ಡ ಬದಲಾವಣೆ ಆಗಿರಬಾರದು. ದುಡ್ಡು ಅವರು ಕೊಡೋದಲ್ಲ, ನಾವು ಕಟ್ಟೋದು. ಹೊಸ ರಿಜಿಸ್ಟ್ರೇಷನ್‌ಗೆ 20,000, ಮರುನೋಂದಣಿಗೆ 5,000. ಹತ್ತು ವರ್ಷ ನಡೆಯತ್ತೆ. ದಿನಾ ಓಡಿಸೋ ಹಾಗಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲು, ರಿಪೇರಿ, ಅಷ್ಟಕ್ಕೆ ರಸ್ತೆಗೆ ತರಬಹುದು. ಹಳೇ ನಂಬರ್ ಇದ್ರೆ ಅದನ್ನೇ ಉಳಿಸ್ಕೋಬಹುದು. ತಾತನ ಗಾಡಿಯ ಹಳೇ ಮೈಸೂರು ರಾಜ್ಯದ ಎಂವೈ ನಂಬರ್ ಹಾಗೇ ಇರತ್ತೆ.

ರವಿಯಣ್ಣ: ನೋಡಿ, ಇದು ಉತ್ತರ. ಬಣ್ಣದ ಮಾತೇ ಆ ನಿಯಮದಲ್ಲಿಲ್ಲ. ಗುಜರಿ ಅಂತಾನೂ ಇಲ್ಲ. ಹದಿನೈದು ವರ್ಷಕ್ಕೆ ಪೆಟ್ರೋಲ್ ಗಾಡಿ ಎತ್ತಿಸೋ ಗಲಾಟೆ ದೆಹಲಿದು.

ಚಿಕ್ಕಪ್ಪ: ಹಾಗಾದ್ರೆ ನನ್ನ ರೋಡ್‌ಕಿಂಗ್?

ಈಗ ಎಲ್ಲರಿಗೂ ಅರ್ಥವಾಯಿತು. ಚಿಕ್ಕಪ್ಪನ ಚಿಂತೆ ತಾತನ ಜಾವಾದ್ದಲ್ಲ. ತಮ್ಮ 1985ರ ಯೆಜ್ಡಿ ರೋಡ್‌ಕಿಂಗ್‌ಗೆ ಅವರು ಕಪ್ಪು ಮೆಟಾಲಿಕ್ ಬಣ್ಣ ಹೊಡೆಸಿ, ದೆಹಲಿಯ ಕರೋಲ್‌ಬಾಗ್‌ನಿಂದ ಹೊಸ ಸ್ಟಿಕ್ಕರ್ ತರಿಸಿ, ಟ್ಯಾಂಕ್ ಬೇರೆ ಗಾಡಿಯದು ಹಾಕಿಸಿದ್ದಾರೆ. 'ಬಣ್ಣ ಹೊಡೆಸಿದ್ದರೆ ಗುಜರಿಗೆ' ಎಂದು ಓದಿ ಬೆಳಿಗ್ಗೆ ತಿಂಡಿ ಬಿಟ್ಟಿದ್ದರಂತೆ. ಚಿಕ್ಕಮ್ಮ ನನಗೆ ಬೇರೆಯಾಗಿ ಹೇಳಿದ್ದು.

ಕಾರ್ತಿಕ: ಅದಿನ್ನೂ 50 ವರ್ಷ ಆಗಿಲ್ಲ ಅಪ್ಪಾ. ಆದ್ರೂ ಎಷ್ಟು ಒರಿಜಿನಲ್ ಅಂತ ಕೇಳಬೇಡಿ.

ರವಿಯಣ್ಣ: ಹಾರನ್ ಒರಿಜಿನಲ್ ಇರಬಹುದು.

ಕಾರ್ತಿಕ: ಅದೂ ಬೆಂಗಳೂರಿನ ಜೆ.ಸಿ. ರೋಡ್ ಅಂಗಡಿದು.

ಕಾರ್ತಿಕ: ಸರ್ಕಾರಕ್ಕೆ ಬಣ್ಣ ಬೇಡದೇ ಇರಬಹುದು, ಗಾಡಿ ಕೊಳ್ಳೋರಿಗೆ ಬೇಕು. ಹೊಸ ಬಣ್ಣ, ಹೊಸ ಕ್ರೋಮ್ ದುಡ್ಡು ಕೊಟ್ರೆ ಯಾರಿಗೂ ಸಿಗತ್ತೆ. ಮೈಸೂರು ಕಾರ್ಖಾನೇಲಿ ಹೊಡೆದ ಮರೂನ್ ಬಣ್ಣ, ಕೈಯಲ್ಲಿ ಎಳೆದ ಚಿನ್ನದ ಗೆರೆ, ತಾತನ ಮೊಣಕಾಲು ತಾಗಿ ಸವೆದ ಟ್ಯಾಂಕ್ ರಬ್ಬರ್, ಇವನ್ನ ತೆಗೆದ್ರೆ ಮತ್ತೆ ಬರಲ್ಲ. ನಾನು ಗಾಡಿ ನೋಡಕ್ಕೆ ಹೋದ್ರೆ ಮೊದಲು ಹೊಳಪನ್ನ ಅನುಮಾನದಿಂದ ನೋಡ್ತೀನಿ. ಚಾಸಿ ನಂಬರ್, ಎಂಜಿನ್ ನಂಬರ್ ಆರ್‌ಸಿಗೆ ತಾಳೆ ಆಗತ್ತಾ? ನಂಬರ್ ಇರೋ ಜಾಗ ಉಜ್ಜಿದಾರಾ? ನಟ್‌ಗಳ ಮೂಲೆ ತಿಂದಿದೆಯಾ? ಟ್ಯಾಂಕ್ ಒಳಗೆ ಟಾರ್ಚ್ ಬಿಟ್ರೆ ತುಕ್ಕು ಎಷ್ಟು? ಹೊರಗಿನ ತುಕ್ಕು ನೋಡಿ ಹೆದರಲ್ಲ.

ದೊಡ್ಡಪ್ಪ: ಕೊಳೆಯನ್ನು ಪೂಜಿಸುವ ಕಾಲ ಬಂತು. ಪ್ರತಿವರ್ಷ ಆಯುಧಪೂಜೆಗೆ ನಾನೇ ಬಂದು ಆ ಗಾಡಿಯನ್ನು ತೊಳೆಸಿ, ವಿಭೂತಿ ಹಚ್ಚಿ, ಕುಂಕುಮ ಇಟ್ಟು ಬರುತ್ತೇನೆ. ಕಾರ್ತಿಕ, ನೀನು ಬಂದದ್ದು ಎಷ್ಟು ಸಲ?

ಕಾರ್ತಿಕ: ದೊಡ್ಡಪ್ಪ, ಬೇಜಾರು ಮಾಡ್ಕೋಬೇಡಿ. ಆ ಕುಂಕುಮ, ವಿಭೂತಿ ಒದ್ದೆ ಮಾಡಿ ಹಚ್ಚಿ ಹಾಗೇ ಬಿಟ್ಟಿದ್ದಕ್ಕೇ ಹೆಡ್‌ಲೈಟ್ ಡೂಮ್ ಮೇಲಿನ ಬಣ್ಣ ಮೂರು ಬೆರಳಗಲ ಕಲೆ ಆಗಿದೆ. ಹೂವಿನ ಹಾರದ ನೀರು ಇಳಿದು ಹ್ಯಾಂಡಲ್ ಕ್ರೋಮ್ ಎದ್ದಿದೆ. ಈ ಸಲ ಹಾರ ಬೇಡ, ಕುಂಕುಮ ಸೀಟಿನ ಮುಂದೆ ಒಂದು ತಟ್ಟೇಲಿ ಇಡೋಣ.

ದೊಡ್ಡಪ್ಪ: ತಟ್ಟೆಗೆ ಪೂಜೆಯೇ?

ಶಾರದತ್ತೆ: ಅಣ್ಣ ಹಚ್ಚಿದ ಕುಂಕುಮ ಉಜ್ಜಿ ತೆಗೆಸಬೇಡ ಕಾರ್ತಿಕ. ಅದೂ ಇರಲಿ.

ಕಾರ್ತಿಕ: ತೆಗೆಸಲ್ಲ ಅತ್ತೆ. ಉಜ್ಜಿದ್ರೆ ಬಣ್ಣವೂ ಬರತ್ತೆ. ಇದ್ದಿದ್ದು ಇರಲಿ, ಹೊಸದು ಬೇಡ ಅಂತ ಅಷ್ಟೇ.

ಇಲ್ಲಿ ದೊಡ್ಡಪ್ಪ ಗುಂಪು ಬಿಟ್ಟರು. ವರ್ಷಕ್ಕೆ ಎರಡು ಸಲ ಬಿಡುತ್ತಾರೆ. ನಾನು ಮತ್ತೆ ಸೇರಿಸಿದೆ. ಯಾರೂ ಏನೂ ಹೇಳಲಿಲ್ಲ, ಅದೇ ನಮ್ಮ ಮನೆಯ ರೂಢಿ.

ಮಧು: ಕಾರ್ತಿಕ, ನಾನು ಡಿಸೆಂಬರ್‌ನಲ್ಲಿ ಬರ್ತೀನಿ, ಒಂದು ಕಿಕ್ ಹೊಡೆದು ನೋಡೋಣ.

ಕಾರ್ತಿಕ: ದಯವಿಟ್ಟು ಯಾರೂ ಕಿಕ್ ಹೊಡೀಬೇಡಿ!! ಇಪ್ಪತ್ತು ವರ್ಷ ನಿಂತ ಟೂ-ಸ್ಟ್ರೋಕ್ ಎಂಜಿನ್. ಹೊರಗಿನ ಗಾಳಿ ಒಳಗೆ ಹೋಗದ ಹಾಗೆ ತಡೆಯೋ ಕ್ರ್ಯಾಂಕ್ ಸೀಲ್ ಒಣಗಿ ಸೀಳಿರತ್ತೆ. ಆ ಸಂದಿಯಿಂದ ಗಾಳಿ ಎಳ್ಕೊಂಡ್ರೆ ಪೆಟ್ರೋಲಿನ ಜತೆ ಬರೋ ಆಯಿಲ್ ಸಾಲಲ್ಲ, ಪಿಸ್ಟನ್ ಹಿಡಿಯತ್ತೆ. ಮೊದಲು ಪ್ಲಗ್ ಬಿಚ್ಚಿ ಸಿಲಿಂಡರ್‌ಗೆ ಆಯಿಲ್ ಬಿಟ್ಟು ದಿನಗಟ್ಟಲೆ ಕಾಯಬೇಕು. ಆಮೇಲೆ ಕೈಯಲ್ಲಿ ಮೆಲ್ಲಗೆ ತಿರುಗಿಸಬೇಕು. ಸೀಲ್, ಟೈರ್, ಬ್ರೇಕ್ ಲೈನರ್, ಕೇಬಲ್ ಹೊಸದು ಹಾಕಲೇಬೇಕು, ಅದು ಪ್ರಾಣದ ವಿಷಯ. ಬಿಚ್ಚಿದ ಹಳೇದನ್ನ ಚೀಟಿ ಕಟ್ಟಿ ಡಬ್ಬೀಲಿ ಇಡ್ತೀನಿ. ಮಿಕ್ಕಿದ್ದಕ್ಕೆ ಕೈ ಹಾಕಲ್ಲ.

ರವಿಯಣ್ಣ: ಖರ್ಚು ಯಾರದು?

ಈ ಪ್ರಶ್ನೆಗೆ ಆರು ಜನ ಓದಿದ ನೀಲಿ ಗುರುತು ಬಂತು. ಉತ್ತರ ಬರಲಿಲ್ಲ. ಬದಲಿಗೆ 2004 ಬಂತು, ತಾತ ಹೋದ ವರ್ಷ. ಚಿಕ್ಕಪ್ಪ ಜಾವಾಕ್ಕೆ ಬಣ್ಣ ಹೊಡೆಸಿ ತಾವು ಇಟ್ಟುಕೊಳ್ಳುತ್ತೇನೆ ಎಂದಿದ್ದರು. ದೊಡ್ಡಪ್ಪ ಅದನ್ನು ಮಾರಿ ದೇವಸ್ಥಾನಕ್ಕೆ ಕೊಡೋಣ ಎಂದಿದ್ದರು. ಅತ್ತೆ, 'ನಮ್ಮ ಯಜಮಾನರು ಅದಕ್ಕೆ ಹಾಕಿಸಿದ ಟೈರಿನ ದುಡ್ಡು ಕೊಟ್ಟು ಆಮೇಲೆ ಮಾತಾಡಿ' ಎಂದಿದ್ದರು. ಯಾರು ಏನಂದರು ಎಂಬುದನ್ನು ಮತ್ತೆ ಅಕ್ಷರಶಃ ಟೈಪ್ ಮಾಡಿದರು. ಟೈರಿನ ಕಂಪನಿ ಸಹಿತ.

ಮಧ್ಯಾಹ್ನ ಮೂರಕ್ಕೆ ಅಪ್ಪ ಬರೆದರು. ಅಪ್ಪ ಗುಂಪಿನಲ್ಲಿ ಬರೆಯುವುದು ಸಾವಿಗೆ ಮತ್ತು ಕರೆಂಟು ಹೋದದ್ದಕ್ಕೆ.

ಅಪ್ಪ: ನೀವು ಮೂರು ಜನ ಒಂದು ಸಲಕ್ಕೂ ಒಪ್ಪಲಿಲ್ಲ. ಅದಕ್ಕೇ ಅದು ಹಾಗೇ ಉಳಿದಿರೋದು. ಒಪ್ಪಿದ್ರೆ 2004ರಲ್ಲೇ ಕಪ್ಪು ಮೆಟಾಲಿಕ್ ಆಗ್ತಿತ್ತು. ನಾನು ಮಾಡಿದ್ದು ಇಷ್ಟೇ, ಇಟ್ಟಿಗೆ ಮೇಲೆ ಎತ್ತಿ ನಿಲ್ಲಿಸಿ ಹಳೇ ಬೆಡ್‌ಶೀಟ್ ಹೊದಿಸಿದೀನಿ.

ಕಾರ್ತಿಕ: ಯಾದವಗಿರಿ ದೊಡ್ಡಪ್ಪ, ಬೆಡ್‌ಶೀಟೇ ಸರಿ. ಟಾರ್ಪಾಲ್ ಹಾಕಿದ್ರೆ ತೇವ ಒಳಗೇ ಕೂತು ಇಷ್ಟು ಹೊತ್ತಿಗೆ ಟ್ಯಾಂಕ್ ತೂತಾಗ್ತಿತ್ತು.

ಚಿಕ್ಕಪ್ಪ: ಕಪ್ಪು ಮೆಟಾಲಿಕ್‌ಗೆ ಏನಾಗಿದೆ?

ರವಿಯಣ್ಣ: ಅದೆಲ್ಲ ಬಿಡಿ. ಆರ್‌ಸಿ ತಾತನ ಹೆಸರಲ್ಲಿದೆ. ತೀರಿಕೊಂಡವರ ಗಾಡಿ ವಾರಸುದಾರರಿಗೆ ಬರೆಸಬೇಕಾದ್ರೆ ಫಾರಂ 31. ಒಬ್ಬರ ಹೆಸರಿಗೆ ಆಗಬೇಕಾದ್ರೆ ಮಿಕ್ಕ ಮೂವರು ಆಕ್ಷೇಪಣೆ ಇಲ್ಲ ಅಂತ ಸಹಿ ಹಾಕಬೇಕು. ಯಾದವಗಿರಿ ಚಿಕ್ಕಪ್ಪನ (ಅಂದರೆ ನನ್ನ ಅಪ್ಪನ) ಹೆಸರಿಗೆ ಮಾಡಿಸೋಣ, ಗಾಡಿ ಅಲ್ಲೇ ಇರಲಿ. ಮೊದಲು ಆರ್‌ಸಿ ಯಾರ ಹತ್ರ ಇದೆ ಹೇಳಿ.

ಶಾರದತ್ತೆ: ನನ್ನ ಲಾಕರಲ್ಲಿ.

ಚಿಕ್ಕಪ್ಪ: ಇಪ್ಪತ್ತು ವರ್ಷದಿಂದ ನಾವು ಹುಡುಕ್ತಾ ಇದ್ವಲ್ಲ!

ಶಾರದತ್ತೆ: ಯಾರೂ ನನ್ನ ಕೇಳಲಿಲ್ಲ. ಕೊಡ್ತೀನಿ. ಸಹೀನೂ ಹಾಕ್ತೀನಿ. ಡೂಮಲ್ಲಿ ಇರೋ ನೆಗ್ಗು ನಮ್ಮೆಜಮಾನರು ಮಾಡಿದ್ದಲ್ಲ, ತಾನು ಮಾಡಿದ್ದು ಅಂತ ಇವನು ಇಲ್ಲೇ, ಎಲ್ಲರ ಮುಂದೆ ಬರೀಲಿ. ಅವರು ಇದ್ದಷ್ಟು ದಿನ ಹಬ್ಬಕ್ಕೆ ಬಂದಾಗೆಲ್ಲ ಅದನ್ನ ಆಡ್ಕೊಂಡು ನಕ್ಕಿದೀರ.

ಚಿಕ್ಕಪ್ಪ ಟೈಪ್ ಮಾಡುತ್ತಿದ್ದಾರೆ ಎಂದು ತೋರಿಸಿತು, ನಿಂತಿತು, ಮತ್ತೆ ತೋರಿಸಿತು.

ಚಿಕ್ಕಪ್ಪ: ಶ್ರೀರಂಗಪಟ್ಟಣದ ಹತ್ರ ಎಮ್ಮೆ ಅಡ್ಡ ಬಂತು. ಓಡಿಸ್ತಿದ್ದಿದ್ದು ಭಾವನೇ.

ಶಾರದತ್ತೆ: ಭಾವನಿಗೆ ಒಂದು ಗೀರೂ ಆಗಲಿಲ್ಲ. ಕೈ ಮುರಿದಿದ್ದು ಹಿಂದೆ ಕೂತ ನಿಂಗೆ. ಹೇಗೆ?

ಕಾರ್ತಿಕ: ಅತ್ತೆ, ಆ ನೆಗ್ಗು ತಟ್ಟಿಸಲ್ಲ, ಅದೂ ಹಾಗೇ ಇರತ್ತೆ.

ಶಾರದತ್ತೆ: ಇರಲಿ. ಯಾರದ್ದು ಅಂತ ಗೊತ್ತಾಗಿ ಇರಲಿ.

ರವಿಯಣ್ಣ: ನಾನು ಭಾನುವಾರ ಫಾರಂ ಪ್ರಿಂಟ್ ತೆಗೆದು ತರ್ತೀನಿ. ನಾಲ್ಕೂ ಜನ ಆಧಾರ್ ಜೆರಾಕ್ಸ್ ತನ್ನಿ.

ಇದರ ಕೆಳಗೆ ದೊಡ್ಡಪ್ಪ ಹೆಬ್ಬೆರಳು ಎತ್ತಿದ ಚಿತ್ರ ಹಾಕಿದರು. ಅದು ಫಾರಂಗೆ ಒಪ್ಪಿಗೆಯೋ ಅತ್ತೆಯ ಷರತ್ತಿಗೆ ಒಪ್ಪಿಗೆಯೋ, ಸ್ವಲ್ಪ ಕೇಳಿ ಹೇಳು ಎಂದು ಚಿಕ್ಕಪ್ಪ ನನಗೆ ಬೇರೆಯಾಗಿ ಮೆಸೇಜ್ ಮಾಡಿದ್ದಾರೆ.