ಶಿರಸಿಯಿಂದ ಗೋಕರ್ಣಕ್ಕೆ ನಡೆದು ಹೋಗುವವರು ಚೀಲದಲ್ಲಿ ಏನು ಹಾಕಿಕೊಳ್ಳಬೇಕು?

ಹೊಸ ನಡಿಗೆಯವ

ನಮಸ್ಕಾರ. ನಾವು ಮೂವರು ಗೆಳೆಯರು ಈ ಶಿವರಾತ್ರಿಗೆ ಶಿರಸಿಯಿಂದ ಗೋಕರ್ಣಕ್ಕೆ ನಡೆದು ಬರ್ತೇವೆ ಅಂತ ಹರಕೆ ಹೊತ್ತಿದ್ದೇವೆ. ದೇವಿಮನೆ ಘಟ್ಟ ಇಳಿದು ಕತಗಾಲ, ದೀವಗಿ, ಅಲ್ಲಿಂದ ಹೈವೇ ಹಿಡಿದು ಮಿರ್ಜಾನ್, ಮಾದನಗೇರಿ, ಆಮೇಲೆ ಗೋಕರ್ಣ. ಹೆಚ್ಚುಕಡಿಮೆ 80 ಕಿಲೋಮೀಟರ್. ಮೂರು ದಿನದಲ್ಲಿ ಮುಗಿಸುವ ಯೋಚನೆ.

ನಿನ್ನೆ ಚೀಲ ತುಂಬಿ ತೂಕ ನೋಡಿದೆ, 14 ಕೆ.ಜಿ. ಬಂತು. ನನ್ನ ತೂಕ 62. ಟೆಂಟ್, ಎರಡು ಜೀನ್ಸ್, ರೈನ್‌ಕೋಟ್, ಉಂಬಳಕ್ಕೆ (ಜಿಗಣೆಗೆ) ಅಂತ ಉದ್ದದ ಕಾಲುಚೀಲ, ಸಣ್ಣ ಗ್ಯಾಸ್ ಒಲೆ, ನಾಲ್ಕು ಲೀಟರ್ ನೀರು ಎಲ್ಲ ಇದೆ. ಶೂ ಹೊಸದು ತಗೊಂಡಿದ್ದೇನೆ. ರಾತ್ರಿ ತಂಪಲ್ಲಿ ನಡೆಯೋದು ಒಳ್ಳೆಯದು ಅಂತ ಒಬ್ಬರು ಹೇಳಿದರು. ಮನೆಯಲ್ಲಿ ಅಮ್ಮನಿಗೆ ಚಿರತೆ, ಹಾವಿನದೇ ಹೆದರಿಕೆ. ಗೊತ್ತಿದ್ದವರು ಹೇಳಿ.

ಬೆಟ್ಟದಂಚು

ತಮ್ಮಾ, ಮೊದಲು ಆ ಚೀಲ ಪೂರ್ತಿ ನೆಲಕ್ಕೆ ಸುರಿ. ದಿನವಿಡೀ ನಡೆಯುವವನ ಬೆನ್ನಿಗೆ ಅವನ ತೂಕದ ಹತ್ತರಲ್ಲಿ ಒಂದು ಪಾಲು ಸಾಕು, ನಿನಗೆ ಆರು ಕೆ.ಜಿ., ನೀರೂ ಸೇರಿ ಏಳು ಅಂತ ಇಟ್ಟುಕೋ. ಶಿವರಾತ್ರಿ ಹೊತ್ತಿಗೆ ನಮ್ಮ ಕಡೆ ಮಳೆ ಎಲ್ಲಿದೆ? ರೈನ್‌ಕೋಟ್ ಬೇಡ. ಉಂಬಳವೂ ಆ ಒಣ ಕಾಲದಲ್ಲಿ ಕಾಟ ಕೊಡೋದಿಲ್ಲ. ಟೆಂಟ್ ಬದಲು ಒಂದು ಸೊಳ್ಳೆಪರದೆ, ಒಂದು ತೆಳು ಚಾದರ. ದೇವಸ್ಥಾನದ ಜಗುಲಿಯಲ್ಲೋ ಶಾಲೆಯಲ್ಲೋ ಮೊದಲೇ ಕೇಳಿಕೊಂಡು ಮಲಗಬಹುದು. ಒಲೆ ಯಾಕೆ, ಅವಲಕ್ಕಿ, ಬೆಲ್ಲ, ಶೇಂಗಾ ಸಾಕಲ್ವಾ? ಜೀನ್ಸ್ ಬೆವರಿಗೆ ಒದ್ದೆಯಾದರೆ ಭಾರ ಆಗ್ತದೆ, ಒಣಗೋದಿಲ್ಲ, ತೊಡೆ ಉಜ್ಜಿ ಉಜ್ಜಿ ಕೆಂಪಾಗ್ತದೆ. ತೆಳು ಪ್ಯಾಂಟ್ ಎರಡು, ಒಂದು ಪಂಚೆ. ಪಂಚೆ ಸ್ನಾನಕ್ಕೂ ಆಯ್ತು, ಹೊದೆಯೋಕೂ ಆಯ್ತು, ಬಿಸಿಲಿಗೆ ತಲೆಗೂ ಆಯ್ತು.

ಹೊಸ ಶೂ ಹಾಕಿಕೊಂಡು ಹೊರಡಲೇಬೇಡ. ನಾನು ಮೊದಲ ಸಲ ಹಾಗೇ ಮಾಡಿದೆ. ಮೊದಲ ದಿನ ಸಂಜೆಯೊಳಗೆ ಎರಡೂ ಹಿಮ್ಮಡಿಗೆ ಗುಳ್ಳೆ ಬಂತು. ಮಾರನೇ ದಿನ ಘಟ್ಟ ಇಳಿಯುವಾಗ ಗುಳ್ಳೆ ಒಡೆದು ರಕ್ತ ಕಾಲುಚೀಲಕ್ಕೆ ಅಂಟಿಕೊಂಡಿತು. ಕತಗಾಲದಲ್ಲಿ ಬಸ್ಸು ಹತ್ತಿದೆ. ಗೆಳೆಯರು ನಡೆದು ಹೋದರು, ನಾನು ಕಿಟಕಿಯಿಂದ ಅವರನ್ನೇ ನೋಡ್ತಾ ಕುಳಿತಿದ್ದೆ. ಇವತ್ತಿಗೂ ಆ ನೋವು ಹೋಗಿಲ್ಲ. ಅದಕ್ಕೇ ಹೇಳ್ತಿದ್ದೇನೆ, ಇನ್ನೂ ಸಮಯ ಇದೆ, ದಿನಾ ಅದೇ ಶೂ ಹಾಕಿ ಏಳೆಂಟು ಕಿಲೋಮೀಟರ್ ನಡಿ. ಕೊನೆ ವಾರ ಚೀಲವನ್ನೂ ಹೊತ್ತುಕೋ. ಹೊರಡುವ ಎರಡು ದಿನ ಮುಂಚೆ ಕಾಲಿನ ಉಗುರು ಕತ್ತರಿಸು. ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ ಬೆರಳು ಶೂಗೆ ಗುದ್ದಿಕೊಳ್ತದೆ, ಉಗುರು ಕಪ್ಪಾಗೋದು ಹಾಗೆಯೇ. ಇಳಿಯೋದಕ್ಕೆ ಮುಂಚೆ ಪಾದದ ಮೇಲ್ಭಾಗದ ಲೇಸ್ ಬಿಗಿ ಮಾಡಿಕೋ. ಕಾಲಲ್ಲಿ ಎಲ್ಲಾದರೂ ಬಿಸಿ ಅನಿಸಿತು ಅಂದರೆ ಅಲ್ಲೇ ನಿಂತು ಪಟ್ಟಿ ಹಚ್ಚು, ಮುಂದಿನ ಊರಿಗೆ ಅಂತ ಕಾಯಬೇಡ.

ನೀರು ಎರಡು ಲೀಟರ್ ಸಾಕು. ಘಟ್ಟದ ಮೇಲೆ ಯಾರ ಮನೆ ಬಾಗಿಲಲ್ಲಿ ಕೇಳಿದರೂ ನೀರು ಬೆಲ್ಲ ಕೊಡ್ತಾರೆ. ದೇವಿಮನೆ ಇಳಿಯುವಾಗ ಮಾತ್ರ ಮನೆ ಕಡಿಮೆ, ಮೇಲೆಯೇ ತುಂಬಿಕೊಳ್ಳಿ.

ಘಟ್ಟದ ಡ್ರೈವರ್

ನಾನು ಈ ರಸ್ತೆಯಲ್ಲಿ ವರ್ಷಗಟ್ಟಲೆ ಲಾರಿ ಓಡಿಸಿದವನು. ನಿಮ್ಮ ಅಮ್ಮನಿಗೆ ಹೇಳಿ, ಚಿರತೆಗಿಂತ ನಮಗೆ ಹೆದರಬೇಕು. ರಾತ್ರಿ ನಡೆಯಲೇಬೇಡಿ. ತಿರುವಿನಲ್ಲಿ ಎದುರಿನ ಗಾಡಿಯ ಲೈಟ್ ಕಣ್ಣಿಗೆ ಹೊಡೆದಾಗ ಒಂದೆರಡು ಕ್ಷಣ ನಮಗೆ ಏನೂ ಕಾಣೋದಿಲ್ಲ. ಕಪ್ಪು ಚೀಲ ಹೊತ್ತವನು ಹತ್ತಿರ ಬಂದ ಮೇಲೇ ಕಾಣ್ತಾನೆ, ಆವಾಗ ತುಂಬಿದ ಲಾರಿಗೆ ಬ್ರೇಕ್ ಹಾಕಿದರೆ ಅದು ಅಲ್ಲೇ ನಿಲ್ಲೋದಿಲ್ಲ.

ರಸ್ತೆಯ ಬಲಕ್ಕೆ ನಡೆಯಿರಿ, ಬರುವ ಗಾಡಿ ಎದುರಿಗೆ ಕಾಣಬೇಕು. ಆದರೆ ಬಲಕ್ಕೆ ಗುಡ್ಡ ಕೊರೆದ ಕುರುಡು ತಿರುವು ಬಂದರೆ ಮೊದಲೇ ದಾಟಿ ಎಡಕ್ಕೆ ಬನ್ನಿ, ತಿರುವು ಮುಗಿದ ಮೇಲೆ ವಾಪಸ್. ಗುಡ್ಡದ ಒಳಮೈಗೆ ಅಂಟಿಕೊಂಡವನು ನಮಗೆ ಕಡೇ ಗಳಿಗೆವರೆಗೆ ಕಾಣೋದಿಲ್ಲ. ಮೂವರೂ ಸಾಲಾಗಿ ನಡೆಯಿರಿ, ಮಾತಾಡ್ತಾ ಅಕ್ಕಪಕ್ಕ ಬರಬೇಡಿ. ಕಿವಿಗೆ ಇಯರ್‌ಫೋನ್ ಬೇಡ. ಚೀಲದ ಹಿಂದೆ, ಎರಡೂ ಪಟ್ಟಿಗಳ ಮೇಲೆ ಹೊಳೆಯುವ ಟೇಪ್ ಅಂಟಿಸಿ, ಸೈಕಲ್ ಅಂಗಡಿಯಲ್ಲಿ ಸಿಗ್ತದೆ. ನಿಂತ ಲಾರಿಯ ನೆರಳಲ್ಲಿ ಕೂತು ಸುಧಾರಿಸಿಕೊಳ್ಳುವವರನ್ನ ನೋಡಿದ್ದೇನೆ, ದಯವಿಟ್ಟು ಅದನ್ನ ಮಾಡಬೇಡಿ. ದೀವಗಿ ಆದಮೇಲೆ ಹೈವೇ 66, ಅಲ್ಲಿ ಗಾಡಿಗಳ ವೇಗವೇ ಬೇರೆ. ಬಿಳಿ ಗೆರೆಯಿಂದ ಆಚೆಗೇ ಇರಿ.

ಸಿದ್ದಾಪುರದ ಸಿಸ್ಟರ್

ಯಾರೂ ಉಣುಗಿನ, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆಯ ಬಗ್ಗೆ ಬರೆದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಉಂಬಳ ಇಲ್ಲದ ಕಾಲವೇ ಉಣುಗಿನ ಕಾಲ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಜಾಸ್ತಿ ಬರೋದು ಡಿಸೆಂಬರ್‌ನಿಂದ ಮೇವರೆಗೆ, ಶಿವರಾತ್ರಿ ಸರಿಯಾಗಿ ನಡುವೆ ಬರ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಕಂಡ ರೋಗ, ನಮ್ಮ ಜಿಲ್ಲೆಯಲ್ಲೂ ಜನ ಸತ್ತಿದ್ದಾರೆ. ಆದ್ದರಿಂದ ಒಳದಾರಿ ಹತ್ತಿರ ಅಂತ ಕಾಡಿಗೆ ನುಗ್ಗಬೇಡಿ. ದರಕಿನ (ಉದುರಿದ ಒಣ ಎಲೆಗಳ) ಮೇಲೆ ಕೂರಬೇಡಿ, ಮಲಗಬೇಡಿ. ಪ್ಯಾಂಟಿನ ತುದಿಯನ್ನು ಕಾಲುಚೀಲದ ಒಳಗೆ ಸೇರಿಸಿ. ಉಣುಗು ಹತ್ತದ ಹಾಗೆ ಹಚ್ಚುವ ಎಣ್ಣೆ ಸಿಗುತ್ತದಾ ಅಂತ ನಿಮ್ಮ ಊರಿನ ಆರೋಗ್ಯ ಕೇಂದ್ರದಲ್ಲಿ ಕೇಳಿ. ಸಂಜೆ ಬಿಸಿನೀರು, ಸೋಪಲ್ಲಿ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಕಿವಿ ಹಿಂದೆ ನೋಡಿಕೊಳ್ಳಿ. ಕಚ್ಚಿ ಹಿಡಿದಿದ್ದರೆ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ ಹಾಕೋದು, ಸುಡೋದು ಬೇಡ. ಮನೆಗೆ ಬಂದ ಮೇಲೆ ಒಂದೆರಡು ವಾರದಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ ಕಾಡಿನ ದಾರಿಯಲ್ಲಿ ನಡೆದ ವಿಷಯ ಮೊದಲು ಹೇಳಿ.

ಹಾವು ಕಚ್ಚಿದರೆ ಕೊಯ್ಯೋದು, ಹೀರೋದು, ಬಿಗಿಯಾಗಿ ಕಟ್ಟೋದು ಯಾವುದೂ ಬೇಡ. ಕಚ್ಚಿದ ಕೈಯೋ ಕಾಲೋ ಅಲುಗಾಡದ ಹಾಗೆ ಇಟ್ಟು 108ಕ್ಕೆ ಫೋನ್ ಮಾಡಿ. ಕಟ್ಟುಹಾವು ರಾತ್ರಿ ನೆಲದಲ್ಲಿ ಮಲಗಿದವರನ್ನೇ ಕಚ್ಚುತ್ತದೆ, ಎಷ್ಟೋ ಸಲ ನೋವೂ ಇರೋದಿಲ್ಲ. ಸೊಳ್ಳೆಪರದೆಯನ್ನು ಹಾಸಿಗೆ ಅಡಿ ಸುತ್ತ ಸಿಕ್ಕಿಸಿ ಮಲಗಿ.

ಇನ್ನೊಂದು ವಿಷಯ. ಕೆಳಗಿಳಿದ ಮೇಲೆ ಸೆಕೆ ಬೇರೆ ತರಹ, ಬೆವರು ಆರೋದೇ ಇಲ್ಲ. ಬರೀ ನೀರು ಕುಡೀತಾ ಇದ್ದರೆ ಸಾಲದು. ಒಂದು ಲೀಟರ್ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಓಆರ್‌ಎಸ್ ಪೊಟ್ಟಣ ಇದ್ದರೆ ಇನ್ನೂ ಒಳ್ಳೆಯದು. ಹನ್ನೊಂದರಿಂದ ಮೂರೂವರೆವರೆಗೆ ನೆರಳಲ್ಲಿ ಇರಿ. ಯಾರಾದರೂ ತಡವರಿಸಿ ಮಾತಾಡಿದರೆ, ಏನು ಹೇಳ್ತಿದ್ದೇನೆ ಅಂತ ಗೊತ್ತಾಗದ ಹಾಗೆ ಆದರೆ ಅದು ಸುಸ್ತಲ್ಲ. ನೆರಳಿಗೆ ತಂದು ಮೈಗೆ ನೀರು ಸುರಿದು ಗಾಳಿ ಹಾಕಿ, ಆಸ್ಪತ್ರೆಗೆ ಸಾಗಿಸಿ.

ಹೊಸ ನಡಿಗೆಯವ

ಎಲ್ಲರಿಗೂ ತುಂಬಾ ಧನ್ಯವಾದ. ಚೀಲ ಈಗ ನೀರು ಸೇರಿ 6.5 ಕೆ.ಜಿ. ಬಂದಿದೆ. ಒಂದು ದಿನ ಜಾಸ್ತಿ ಮಾಡಿ ನಾಲ್ಕು ದಿನಕ್ಕೆ ಹಂಚಿದ್ದೇವೆ. ಬೆಳಿಗ್ಗೆ ಬೆಳಕಾದ ಮೇಲೇ ಹೊರಡೋದು. ಒಂದೇ ಒಂದು ಪ್ರಶ್ನೆ ಉಳಿದಿದೆ. ನಮ್ಮಲ್ಲಿ ಒಬ್ಬ ಬರಿಗಾಲಲ್ಲೇ ನಡೀತೇನೆ ಅಂತ ಹರಕೆ ಹೊತ್ತಿದ್ದಾನೆ. ಅವನಿಗೆ ಏನು ಹೇಳಲಿ?

ಬೆಟ್ಟದಂಚು

ಮಧ್ಯಾಹ್ನದ ಡಾಂಬರು ಅಂಗಾಲನ್ನ ಸುಟ್ಟುಬಿಡ್ತದೆ, ಗಾಜಿನ ಚೂರು ಬೇರೆ. ಹರಕೆ ಬಿಡು ಅಂತ ನಾನು ಹೇಳೋದಿಲ್ಲ. ಮನೆಯ ಹಿರಿಯರನ್ನೋ ಭಟ್ಟರನ್ನೋ ಕೇಳಲಿ, ಮಾದನಗೇರಿವರೆಗೆ ಚಪ್ಪಲಿ ಹಾಕಿ ಬಂದು, ಕೊನೆ ದಿನ ನಸುಕಿನ ಬೆಳಕಲ್ಲಿ ಅಲ್ಲಿಂದ ಗೋಕರ್ಣಕ್ಕೆ ಬರಿಗಾಲಲ್ಲಿ ನಡೆದರೆ ಆಗ್ತದಾ ಅಂತ. ನನ್ನ ಅಣ್ಣ ಹಾಗೇ ಮಾಡಿದ. ಚಪ್ಪಲಿ ಚೀಲದಲ್ಲೇ ಇರಲಿ. ಟಿಟಿ ಇಂಜೆಕ್ಷನ್ ಯಾವಾಗ ತಗೊಂಡಿದ್ದು ಅಂತ ಅವನನ್ನ ಇವತ್ತೇ ಕೇಳು.